ಹಿಪ್ಪೆ ಯಾರ ಪಾಲಿಗೆ?

ಹೋದ ಶ್ರಾವಣದಲ್ಲಿ ಬೈಲಹೊಂಗಲದ ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಅರಿಶಿನ-ಕುಂಕುಮಕ್ಕೆಂದು ಒಬ್ಬರ ಮನೆಯಲ್ಲಿ ಕೂಡಿದ್ದೆವು. ಹಾಡು, ಉಡಿ ತುಂಬುವುದು ಎಲ್ಲ ಮುಗಿದು, ಇನ್ನೇನು ಮನೆಗೆ ಹೊರಡಬೇಕು ಎನ್ನುವಾಗ ಒಬ್ಬ ಹುಡುಗ ದೊಡ್ಡದೊಂದು ಪೆಟ್ಟಿಗೆ ಹೊತ್ತುಕೊಂಡು ಬಂದ. ಯಾರದೋ ಪರಿಚಯ ಹಿಡಿದು ಬಂದವನು. ಪೆಟ್ಟಿಗೆಯೊಳಗಿಂದ ಹಣ್ಣಿನ ರಸ ತೆಗೆಯುವ ಯಂತ್ರ ಹೊರಬಂತು. ಬೆಲೆ ಕೇಳಿದರೆ 14 ಸಾವಿರ ರೂಪಾಯಿ. ಕಂತಿನ ಮೇಲೂ ಕೊಡುತ್ತಾನಂತೆ.

ಐದು ಗಜ್ಜರಿ, ಒಂದು ಬೀಟರೂಟು, ಎರಡು ಸೇಬು ಹಾಕಿದ. ಯಂತ್ರದ ಒಂದು ಬಾಯಿಯಿಂದ ಕೆಂಪು ರಸ ಇಳಿಯಿತು. ಇನ್ನೊಂದು ಬಾಯಿಯಿಂದ ಹಿಪ್ಪೆ ಬಿತ್ತು. "ನೋಡ್ರಿ ತಾಯಂದಿರಾ, ಸತ್ವ ಎಲ್ಲಾ ಈ ಕಡೆ, ಕಸ ಎಲ್ಲಾ ಆ ಕಡೆ" ಎಂದ. ಲೋಟ ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರಿಗೆ ಒಂದೊಂದು ಗುಟುಕು. ಎಲ್ಲರೂ ತಲೆ ಅಲ್ಲಾಡಿಸಿದರು.

ನನ್ನ ಕಣ್ಣು ಮಾತ್ರ ಆ ಇನ್ನೊಂದು ಪಾತ್ರೆಯ ಮೇಲಿತ್ತು. ಎರಡು ಹಿಡಿ ಹಿಪ್ಪೆ. ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡೆ. ನೆರೆಮನೆಯಾಕೆ ನಕ್ಕಳು. "ಏನ್ರೀ ಟೀಚರ್, ಎಮ್ಮೀಗತೆ ಹಿಪ್ಪಿ ತಿನ್ನಾಕ ಹತ್ತೀರಲ್ಲ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣ, ಆ ಹಿಪ್ಪೆಯ ಲೆಕ್ಕ ನಮ್ಮ ಮನೆತನಕ್ಕೆ ಒಂದು ಸಲ ಬಹಳ ತುಟ್ಟಿಯಾಗಿ ಬಿದ್ದಿತ್ತು.

ನನ್ನ ತವರು ಕಿತ್ತೂರು. ನನ್ನನ್ನು ಬೈಲಹೊಂಗಲಕ್ಕೆ ಕೊಟ್ಟರು, ಅಕ್ಕನನ್ನು ರಾಮದುರ್ಗಕ್ಕೆ. ಅಕ್ಕನಿಗೆ ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ. ಗುಳಿಗೆ ನುಂಗಿ, ಎರಡು ಹೊತ್ತು ಜೋಳದ ರೊಟ್ಟಿ, ಪಲ್ಯ, ಪಚಡಿ ತಿಂದುಕೊಂಡು, ಮಲಪ್ರಭೆಯ ದಂಡೆಗೆ ನಾಲ್ಕು ಹೆಜ್ಜೆ ನಡೆದಾಡಿಕೊಂಡು ಚೆನ್ನಾಗಿಯೇ ಇದ್ದಳು. ಅವಳ ಮಗ ತಾಯಿಯ ಮೇಲೆ ಜೀವ ಇಟ್ಟವನು. ಎರಡು ವರ್ಷದ ಹಿಂದೆ ಇಂಥದೇ ಒಂದು ಯಂತ್ರ ತಂದ. ದಿನಾ ಮುಂಜಾನೆ ಆರಕ್ಕೆ ಒಂದು ಎತ್ತರದ ಲೋಟ ತುಂಬ ಗಜ್ಜರಿ, ಬೀಟರೂಟು, ಸೇಬಿನ ರಸ. ಒಂದೊಂದು ದಿನ ಮೋಸಂಬಿಯದು. ರಸ ಕುಡಿದ ಮೇಲೆ ನಾಷ್ಟಾ ಏಕೆ ಎಂದು ಮುಂಜಾನೆಯ ರೊಟ್ಟಿ ನಿಂತಿತು. ನಾನು ಫೋನಿನಲ್ಲಿ ಕೇಳಿದರೆ, "ಹಣ್ಣಿಂದಲ್ಲೇನವಾ, ಸಕ್ಕರಿ ಒಂದ್ ಹಳ್ಳೂ ಹಾಕಂಗಿಲ್ಲ" ಎನ್ನುತ್ತಿದ್ದಳು.

ಹತ್ತು ಗಂಟೆಯ ಹೊತ್ತಿಗೆ ಕೈ ನಡುಗುವುದು, ಹೊಟ್ಟೆ ಕೆರೆಯುವುದು. ಆಗ ನಾಲ್ಕು ಬಿಸ್ಕೀಟು. ಐದು ತಿಂಗಳಿಗೆ ರಕ್ತ ತೋರಿಸಿದಾಗ ಮೂರು ತಿಂಗಳ ಸರಾಸರಿಯ ಅಂಕಿ 7.4 ಇದ್ದದ್ದು 9.6 ಆಗಿತ್ತು. ಏನೇನು ತಿನ್ನುತ್ತೀರಿ ಎಂದು ಡಾಕ್ಟರರು ಕೇಳಿದರೆ ಅಕ್ಕ ರೊಟ್ಟಿ ಹೇಳಿದಳು, ಪಲ್ಯ ಹೇಳಿದಳು, ಮಜ್ಜಿಗೆ ಹೇಳಿದಳು. ರಸ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ. ಅದು ಅವಳ ಲೆಕ್ಕದಲ್ಲಿ ಊಟವೇ ಆಗಿರಲಿಲ್ಲ, ಔಷಧವಾಗಿತ್ತು. ಗುಳಿಗೆ ಹೆಚ್ಚಾಯಿತು. ಅದೇ ಸುಮಾರಿಗೆ ಕಾಲ್ಬೆರಳಿಗೆ ಚಪ್ಪಲಿ ಕಚ್ಚಿ ಆದ ಗಾಯ ಮಾಯಲಿಲ್ಲ. ಹದಿನೆಂಟು ದಿನ ಆಸ್ಪತ್ರೆ. ಬೆರಳು ತೆಗೆಯಬೇಕಾದೀತು ಎಂದಾಗ ನಾವು ಅಕ್ಕ-ತಂಗಿ ಒಬ್ಬರ ಮುಖ ಒಬ್ಬರು ನೋಡಲಾರದೆ ಗೋಡೆ ನೋಡುತ್ತ ಕುಳಿತಿದ್ದೆವು. ದೇವರು ದೊಡ್ಡವನು, ಬೆರಳು ಉಳಿಯಿತು.

ಇದೆಲ್ಲ ರಸ ಒಂದರಿಂದಲೇ ಆಯಿತು ಎಂದು ನಾನು ಆಣೆ ಮಾಡಲಾರೆ. ಸಕ್ಕರೆ ಕಾಯಿಲೆಗೆ ನೂರು ದಾರಿ. ಆದರೆ ರಸ ಬಿಟ್ಟು, ಮುಂಜಾನೆ ಮತ್ತೆ ರೊಟ್ಟಿ-ಪಚಡಿ ಹಿಡಿದ ಮೇಲೆ ಅಂಕಿ ಇಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಂದಿನಿಂದ ಯಾರು ಎಲ್ಲಿ ಹಿಂಡಲಿಕ್ಕೆ ಹೊರಟರೂ ನಾನು ಜಗಳಕ್ಕೆ ನಿಲ್ಲುತ್ತೇನೆ. ಈ ಬರಹವೂ ಆ ಜಗಳದ ಮುಂದುವರಿಕೆಯೇ.

ಮೊದಲು ಆ ಹುಡುಗನ ಮಾತನ್ನೇ ತೆಗೆದುಕೊಳ್ಳೋಣ. ಸತ್ವ ಈ ಕಡೆ, ಕಸ ಆ ಕಡೆ. ಹೌದೇ? ಹಣ್ಣಿನೊಳಗಿನ ಸಿಹಿ ಬಹುಪಾಲು ರಸದೊಳಗೆ ಬಂತು. ನಾರು ಬಹುಪಾಲು ಹಿಪ್ಪೆಯೊಳಗೆ ಉಳಿಯಿತು. ನಾರು ಎಂದರೆ ಕಸವಲ್ಲ. ಹೊಟ್ಟೆಯೊಳಗೆ ಸಿಹಿಯನ್ನು ಹಿಡಿದು ಹಿಡಿದು ನಿಧಾನವಾಗಿ ರಕ್ತಕ್ಕೆ ಬಿಡುವುದು ನಾರು. ಹೊಟ್ಟೆ ತುಂಬಿತು ಎಂದು ಹೇಳುವುದು ನಾರು. ಮುಂಜಾನೆ ಹೊರಕಡೆ ಸರಾಗವಾಗಿ ಹೋಗಿಬರುವಂತೆ ಮಾಡುವುದೂ ನಾರೇ. ಕರುಳಿನೊಳಗಿನ ಒಳ್ಳೆಯ ಕ್ರಿಮಿಗಳಿಗೆ ಊಟವೂ ಅದೇ. ಅದನ್ನು ತೆಗೆದೆಸೆದು ಉಳಿದದ್ದಕ್ಕೆ ಅಮೃತ ಎಂದು ಹೆಸರಿಟ್ಟರೆ ಅಮೃತವಾಗುತ್ತದೆಯೇ?

ಇದನ್ನು ನಾನು ಮನೆಯಲ್ಲಿ ಕುಳಿತು ಕಟ್ಟಿದ್ದಲ್ಲ. 1977ರಷ್ಟು ಹಿಂದೆಯೇ ಇಂಗ್ಲೆಂಡಿನ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟವಾಗಿದೆ. ಹತ್ತು ಮಂದಿಗೆ ಒಮ್ಮೆ ಇಡೀ ಸೇಬು, ಒಮ್ಮೆ ರುಬ್ಬಿದ ಸೇಬು, ಒಮ್ಮೆ ಸೇಬಿನ ರಸ ಕೊಟ್ಟರು. ಇಡೀ ಸೇಬು ತಿನ್ನುವುದಕ್ಕಿಂತ ಹನ್ನೊಂದು ಪಟ್ಟು ಬೇಗ ರಸ ಕುಡಿದು ಮುಗಿಯಿತು. ರುಬ್ಬಿದ್ದಕ್ಕಿಂತ ನಾಲ್ಕು ಪಟ್ಟು ಬೇಗ. ಹೊಟ್ಟೆ ತುಂಬಿದ ತೃಪ್ತಿ ಇಡೀ ಹಣ್ಣಿಗೆ ಎಲ್ಲಕ್ಕಿಂತ ಹೆಚ್ಚು, ರುಬ್ಬಿದ್ದಕ್ಕೆ ನಡುವಿನದು, ರಸಕ್ಕೆ ಎಲ್ಲಕ್ಕಿಂತ ಕಡಿಮೆ. ರಸ ಕುಡಿದ ಮೇಲೆ ರಕ್ತದ ಸಕ್ಕರೆ ಏರಿ, ಆಮೇಲೆ ಮೊದಲಿದ್ದುದಕ್ಕಿಂತ ಕೆಳಗೆ ಜಾರಿತು. ಇದನ್ನು ಓದಿದಾಗ ನನಗೆ ಹತ್ತು ಗಂಟೆಗೆ ನಡುಗುತ್ತಿದ್ದ ಅಕ್ಕನ ಕೈ ನೆನಪಾಯಿತು.

2013ರಲ್ಲಿ ಮತ್ತೊಂದು ದೊಡ್ಡ ಅಧ್ಯಯನ ಬಂತು. ಅಮೇರಿಕದಲ್ಲಿ ಲಕ್ಷಕ್ಕೂ ಮಿಕ್ಕಿದ ಜನರನ್ನು ವರ್ಷಾನುಗಟ್ಟಲೆ ಗಮನಿಸಿ ಮಾಡಿದ್ದು. ದ್ರಾಕ್ಷಿ, ಸೇಬು ಮೊದಲಾದ ಇಡೀ ಹಣ್ಣು ತಿನ್ನುವವರಲ್ಲಿ ಸಕ್ಕರೆ ಕಾಯಿಲೆ ಕಡಿಮೆ, ದಿನಾ ರಸ ಕುಡಿಯುವವರಲ್ಲಿ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹಣ್ಣಿನ ರಸದೊಳಗಿನ ಸಿಹಿಯನ್ನು ನಾವು ಡಬ್ಬಿಯಿಂದ ಚಮಚೆಯಲ್ಲಿ ಹಾಕಿಕೊಳ್ಳುವ ಸಕ್ಕರೆಯ ಸಾಲಿಗೇ ಸೇರಿಸಿತು. ಇಡೀ ಹಣ್ಣಿನೊಳಗಿನ ಸಿಹಿಯನ್ನು ಸೇರಿಸಲಿಲ್ಲ. ಹಣ್ಣು ಅದೇ, ಸಿಹಿ ಅದೇ. ನಡುವೆ ಬಂದದ್ದು ಒಂದು ಜರಡಿ ಅಷ್ಟೇ.

ಇನ್ನು ಮಿಕ್ಸರ್ ಮಾತು. ಹಿಂಡಬೇಕೋ ರುಬ್ಬಬೇಕೋ ಎಂದು ನನ್ನನ್ನು ಕೇಳುವ ಗೆಳತಿಯರಿಗೆ ನನ್ನ ಉತ್ತರ ಸ್ಪಷ್ಟ: ಎರಡರಲ್ಲಿ ಒಂದು ಎಂದರೆ ರುಬ್ಬಿರಿ, ಸೋಸಬೇಡಿರಿ. ರುಬ್ಬಿದಾಗ ನಾರು ಸಣ್ಣದಾಗುತ್ತದೆ, ಕಳೆದುಹೋಗುವುದಿಲ್ಲ. ಬೀಜ ಇರುವ ಹಣ್ಣನ್ನು ಬೀಜಸಹಿತ ರುಬ್ಬಿದರೆ ರಕ್ತದ ಸಕ್ಕರೆ ಇಡೀ ಹಣ್ಣು ತಿಂದುದಕ್ಕಿಂತ ಹೆಚ್ಚೇನೂ ಏರಲಿಲ್ಲ ಎಂದು 2022ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗ ಹೇಳುತ್ತದೆ. ಮಿಕ್ಸರ್ ಹೇಗೂ ನಮ್ಮ ಮನೆಗಳಲ್ಲಿ ಇದೆ. ನಮ್ಮ ಕೈಗೆ ಒಗ್ಗುವ ಮಿಕ್ಸರ್ ಹುಟ್ಟಿದ್ದೇ ಒಬ್ಬ ಗೃಹಿಣಿಯ ತಕರಾರಿನಿಂದ. ಮಾಧುರಿ ಮಾಥುರ್ ಎಂಬವರ ಮನೆಯ ಜರ್ಮನ್ ಯಂತ್ರ ಕೆಟ್ಟಾಗ, ಎಂಜಿನಿಯರರಾದ ಪತಿ ಸತ್ಯಪ್ರಕಾಶ ಮಾಥುರ್ 1960ರ ದಶಕದಲ್ಲಿ ನಮ್ಮ ಚಟ್ನಿ, ಹಿಟ್ಟು ತಾಳಿಕೊಳ್ಳುವ 'ಸುಮೀತ್' ಮಿಕ್ಸರ್ ಮಾಡಿದರು. ಅಂಥದು ಮನೆಯಲ್ಲಿರುವಾಗ ಮತ್ತೆ 14 ಸಾವಿರ ಏಕೆ?

ಆ ಹುಡುಗ ಇದಕ್ಕೂ ಉತ್ತರ ಇಟ್ಟುಕೊಂಡಿದ್ದ. "ಮಿಕ್ಸರಿನ ಬ್ಲೇಡಿನ ಕಾವಿಗೆ ಎಂಜೈಮು ಸಾಯ್ತಾವ್ರೀ" ಎಂದ. ಮಿಕ್ಸರಿನಲ್ಲಿ ಗಾಳಿ ಕೂಡಿ 'ಸಿ' ಜೀವಸತ್ವ ಸ್ವಲ್ಪ ಕುಂದುತ್ತದೆ, ನಿಜ. ಹೊತ್ತು ಹೋದಷ್ಟೂ ರಸದಲ್ಲಿಯೂ ಕುಂದುತ್ತದೆ. ಆದರೆ ಹಣ್ಣಿನ ಎಂಜೈಮು ಬದುಕಿದರೂ ಎಷ್ಟು ಹೊತ್ತು? ನಮ್ಮ ಜಠರದ ಆಮ್ಲಕ್ಕೆ ಬಿದ್ದ ಮೇಲೆ ಅದೂ ಉಳಿದ ಸಸಾರಜನಕದಂತೆಯೇ ಜೀರ್ಣವಾಗಿ ಹೋಗುತ್ತದೆ. ಸಾಯುವವರಿಗೆ ಅರ್ಧ ತಾಸು ಮೊದಲು ಸತ್ತರೇನು, ಆಮೇಲೆ ಸತ್ತರೇನು? ಅದಕ್ಕಾಗಿ ನಾವು ಕಂತು ಕಟ್ಟಬೇಕೇ?

ಈಗ ನನ್ನ ನಿಜವಾದ ಸಿಟ್ಟಿಗೆ ಬರುತ್ತೇನೆ. ಸಕ್ಕರೆಯ ಲೆಕ್ಕವನ್ನು ಡಾಕ್ಟರರು ಹೇಳುತ್ತಾರೆ. ಈ ಲೆಕ್ಕವನ್ನು ನಾವೇ ಹೇಳಬೇಕು. ಒಂದು ಕಿಲೋ ಗಜ್ಜರಿ ಹಿಂಡಿದರೆ ಎರಡು, ಹೆಚ್ಚೆಂದರೆ ಎರಡೂವರೆ ಲೋಟ ರಸ. ಅದೇ ಒಂದು ಕಿಲೋ ಗಜ್ಜರಿ ತುರಿದು, ಉಪ್ಪು, ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿ, ನಿಂಬೆಹುಳಿ ಹಿಂಡಿ, ಶೇಂಗಾಪುಡಿ ಉದುರಿಸಿ ಪಚಡಿ ಮಾಡಿದರೆ ಹತ್ತು ಮಂದಿಯ ತಾಟಿಗೆ ಬರುತ್ತದೆ. ಎರಡೇ ಲೋಟ ಇದ್ದಾಗ ಅದು ಯಾರಿಗೆ ಹೋಗುತ್ತದೆ? ನೀವೇ ಹೇಳಿರಿ. ಒಂದು ಲೋಟ ಮನೆಯ ಹಿರಿಯರಿಗೆ. ಒಂದು ಲೋಟ ದುಡಿಯುವ ಗಂಡಸಿಗೆ. ಉಳಿದರೆ ಅರ್ಧ ಲೋಟ ಪರೀಕ್ಷೆಗೆ ಓದುವ ಮಗನಿಗೆ. ಜರಡಿ ತಿಕ್ಕುವುದು ಸೊಸೆಗೆ.

ರಾಮದುರ್ಗದಲ್ಲಿ ಅಕ್ಕನ ಸೊಸೆ ದಿನಾ ಮುಂಜಾನೆ ಐದೂವರೆಗೆ ಎದ್ದು ಹಣ್ಣು ಹೆಚ್ಚುತ್ತಿದ್ದಳು. ಆಮೇಲೆ ಯಂತ್ರದ ಏಳು ಭಾಗ ಬಿಚ್ಚಿ, ಜರಡಿಯ ಕಣ್ಣಿಗೆ ಸಿಕ್ಕ ನಾರನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕುತ್ತ ನಿಲ್ಲುತ್ತಿದ್ದಳು. "ನೀ ಕುಡೀತಿಯೇನವಾ?" ಎಂದು ಒಮ್ಮೆ ಕೇಳಿದೆ. "ನನಗ ಸೇರಂಗಿಲ್ಲರೀ ಚಿಗವ್ವಾ" ಎಂದಳು. ಸೇರುವುದಿಲ್ಲ ಎನ್ನುವುದು ನಮ್ಮ ಹೆಣ್ಣುಮಕ್ಕಳ ಬಹಳ ಹಳೆಯ ಸುಳ್ಳು. ನನ್ನ ಅವ್ವನಿಗೆ ಕೆನೆ ಸೇರುತ್ತಿರಲಿಲ್ಲ, ಅಜ್ಜಿಗೆ ತುಪ್ಪ ಸೇರುತ್ತಿರಲಿಲ್ಲ. ಅಕ್ಕ ಆಸ್ಪತ್ರೆಯಲ್ಲಿದ್ದಾಗ ಆ ಹುಡುಗಿಗೆ ತಲೆ ಸುತ್ತಿ ಬಂತೆಂದು ರಕ್ತ ತೋರಿಸಿದರೆ ಹಿಮೊಗ್ಲೋಬಿನ್ 8.6. ಅತ್ತೆಗೆ ರಸ ಹೆಚ್ಚಾಗಿ ಹಾಸಿಗೆ ಹಿಡಿದಳು, ಸೊಸೆಗೆ ಏನೂ ಸಿಗದೆ ತಲೆ ಸುತ್ತಿತು. ಯಂತ್ರ ಮಾತ್ರ ಫಳಫಳ ಹೊಳೆಯುತ್ತಿತ್ತು.

ಇದು ಒಂದು ಮನೆಯ ಮಾತಲ್ಲ. 2019ರಿಂದ 2021ರ ನಡುವೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತ ಕಡಿಮೆ. ರೊಟ್ಟಿ, ಕಾಳು, ಸೊಪ್ಪಿನೊಳಗಿನ ಕಬ್ಬಿಣ ಮೈಗೆ ಹತ್ತಬೇಕಾದರೆ ಅದೇ ಊಟದಲ್ಲಿ 'ಸಿ' ಜೀವಸತ್ವ ಬೇಕು. ಅದು ಮುಂಜಾನೆ ಆರರ ಲೋಟದಲ್ಲಿದ್ದರೆ ಏನು ಬಂತು? ಮಧ್ಯಾಹ್ನದ ತಾಟಿನಲ್ಲಿ ಇರಬೇಕು. ಪಚಡಿಯ ಮೇಲೆ ಹಿಂಡಿದ ನಿಂಬೆಹುಳಿಯೇ ಆ ಕೆಲಸ ಮಾಡುತ್ತದೆ. ನಮ್ಮ ಪೇರಲಹಣ್ಣು ಮಾಡುತ್ತದೆ. 100 ಗ್ರಾಂ ಪೇರಲದಲ್ಲಿ 200 ಮಿಲಿಗ್ರಾಂಗೂ ಹೆಚ್ಚು 'ಸಿ' ಜೀವಸತ್ವ ಇದೆ, ಕಿತ್ತಳೆಯ ನಾಲ್ಕು ಪಟ್ಟು. 5 ಗ್ರಾಂಗೂ ಮಿಕ್ಕಿ ನಾರು. ಧಾರವಾಡದ ಕಡೆಯಿಂದ ಬುಟ್ಟಿಗಟ್ಟಲೆ ಬರುತ್ತದೆ. ಅದಕ್ಕೆ ಯಂತ್ರ ಬೇಡ, ಉಪ್ಪು-ಖಾರ ಇದ್ದರೆ ಸಾಕು.

ನಮ್ಮ ಹಿರಿಯರು ಹಿಂಡುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಹಿಂಡುತ್ತಿದ್ದರು, ಗಾಣದಲ್ಲಿ ಕುಸುಬಿಯನ್ನು. ಎಣ್ಣೆ ನಮಗೆ, ಹಿಂಡಿ ಎಮ್ಮೆಗೆ. ಎಮ್ಮೆ ಅದನ್ನು ತಿಂದು ಹಾಲು ಕೊಡುತ್ತಿತ್ತು, ಲೆಕ್ಕ ಸರಿಯಾಗುತ್ತಿತ್ತು. ಪೇಟೆಯ ಮನೆಯಲ್ಲಿ ಎಮ್ಮೆ ಎಲ್ಲಿದೆ? ಗಜ್ಜರಿಯ ಹಿಪ್ಪೆ ಕಸದ ಗಾಡಿಗೆ ಹೋಗುತ್ತದೆ. ಹಣ್ಣನ್ನು ಮಾತ್ರ ನಮ್ಮವರು ಹಿಂಡಲಿಲ್ಲ, ಕಿವುಚಿದರು. ಬಸವ ಜಯಂತಿಗೆ ಹೋಳಿಗೆಯ ಜೊತೆ ಮಾವಿನಹಣ್ಣಿನ ಶೀಕರಣಿ ಇಲ್ಲದ ಮನೆ ನಮ್ಮ ಕಡೆ ಯಾವುದಿದೆ? ಕಿತ್ತೂರಿನಲ್ಲಿ ನನ್ನ ಅವ್ವ ಆಪೂಸು ಹಣ್ಣುಗಳನ್ನು ನೀರಿನಲ್ಲಿ ನೆನೆಹಾಕಿ, ಕೈಯಿಂದಲೇ ಕಿವುಚಿ, ತಿರುಳು ಸಮೇತ ಹಾಲು ಕೂಡಿಸುತ್ತಿದ್ದಳು. ಸೋಸುತ್ತಿರಲಿಲ್ಲ. ಗೊರಟ ಯಾರಿಗೆ ಎಂದು ನಾವು ಮಕ್ಕಳು ಹೊಡೆದಾಡುತ್ತಿದ್ದೆವು. ರುಬ್ಬುವ ವಿದ್ಯೆ ಎಂದರೆ ಇದೇ, ಹೆಸರು ಮಾತ್ರ ಬೇರೆ. ಬೆಲ್ಲ ಹಾಕಿದ ಹಬ್ಬದೂಟ ದಿನನಿತ್ಯದ್ದಲ್ಲ ಎನ್ನುವುದೂ ಅವ್ವನಿಗೆ ಗೊತ್ತಿತ್ತು.

ಹೋದ ಬನದ ಹುಣ್ಣಿಮೆಗೆ ಸವದತ್ತಿಯ ನಾದಿನಿಯ ಮನೆಗೆ ಹೋಗಿ, ಎಲ್ಲರೂ ಕೂಡಿ ಎಲ್ಲಮ್ಮನ ಗುಡ್ಡ ಹತ್ತಿದೆವು. ದಾರಿಯುದ್ದಕ್ಕೂ ಕಬ್ಬಿನ ಹಾಲಿನ ಅಂಗಡಿಗಳು. ನಾದಿನಿಯ ಮೊಮ್ಮಗ ನಾಲ್ಕು ವರ್ಷದವನು, ಎರಡು ಲೋಟ ಕುಡಿದು ಮೂರನೆಯದಕ್ಕೆ ಅಳುತ್ತಿದ್ದ. "ಕುಡೀಲಿ ಬಿಡ್ರಿ ವೈನಿ, ಹೊಲದಾಗ ಬೆಳದದ್ದು, ಬಾಟ್ಲಿದಲ್ಲಲ್ಲ" ಎಂದಳು. ಹೊಲದಾಗ ಬೆಳೆದದ್ದು ಎನ್ನುವುದಕ್ಕೆ ನಾನೇನೆನ್ನಲಿ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 100 ಮಿಲಿಲೀಟರ್ ಕಬ್ಬಿನ ಹಾಲಿನಲ್ಲಿ 13ರಿಂದ 15 ಗ್ರಾಂ ಸಕ್ಕರೆ ಎಂದಿದೆ. ದೊಡ್ಡವರಿಗೆ ಇಡೀ ದಿನಕ್ಕೆ 30 ಗ್ರಾಂ ಸಾಕು ಎಂದಿದೆ. ಒಂದು ದೊಡ್ಡ ಲೋಟಕ್ಕೆ ದಿನದ ಪಾಲು ತೀರಿತು. ನಾವು ಸಣ್ಣವರಿದ್ದಾಗ ಒಂದು ತುಂಡು ಕಬ್ಬು ಸಿಗಿದು ತಿನ್ನಲು ಅರ್ಧ ತಾಸು ಬೇಕಾಗುತ್ತಿತ್ತು. ಅಲ್ಲಿಯೂ ಹಿಪ್ಪೆ ಉಗುಳುತ್ತಿದ್ದೆವು, ಒಪ್ಪುತ್ತೇನೆ. ಆದರೆ ಹಲ್ಲು ನೋಯುತ್ತಲೇ ಸಾಕು ಎನಿಸುತ್ತಿತ್ತು. ಹಲ್ಲು ಕಾಯುವ ಆ ಬಾಗಿಲನ್ನು ಲೋಟ ತೆಗೆದುಹಾಕಿತು. ಅಂದ ಹಾಗೆ, ಗುಡ್ಡದ ಮೇಲೆ ಎಲ್ಲಮ್ಮನ ಪಡ್ಡಲಗಿಗೆ ಹೋಳಿಗೆ, ಕಡಬು, ಇಡೀ ಬಾಳೆಹಣ್ಣು ತುಂಬುತ್ತೇವೆಯೇ ಹೊರತು ಯಾರೂ ರಸ ಸುರಿಯುವುದಿಲ್ಲ.

ಡಬ್ಬಿಯ ರಸ ಆದರೂ ಶುದ್ಧ ಎನ್ನುವವರಿಗೆ ಒಂದು ಮಾತು. 'ನೂರಕ್ಕೆ ನೂರು ಹಣ್ಣಿನ ರಸ' ಎಂದು ಡಬ್ಬಿಯ ಮೇಲೆ ಬರೆಯುವುದನ್ನು ಬಿಡಬೇಕೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವೇ 2024ರ ಜೂನ್‌ನಲ್ಲಿ ಕಂಪನಿಗಳಿಗೆ ತಾಕೀತು ಮಾಡಿದೆ. ಇನ್ನು ಎಳೆಗೂಸುಗಳ ವಿಷಯ. ವರ್ಷದೊಳಗಿನ ಕೂಸಿಗೆ ಹಣ್ಣಿನ ರಸ ಬೇಡವೇ ಬೇಡ ಎಂದು ಅಮೇರಿಕದ ಮಕ್ಕಳ ವೈದ್ಯರ ಸಂಘ 2017ರಲ್ಲಿ ಹೇಳಿತು. ಬಾಳೆಹಣ್ಣು ಕಿವುಚಿ ತಿನ್ನಿಸುವ ನಮ್ಮ ಅಜ್ಜಿಯರ ಪದ್ಧತಿ ಎಷ್ಟೋ ವಾಸಿ.

ಹಾಲುಗುಂಬಳದ ರಸದ ಹುಚ್ಚು ಇನ್ನೂ ಹೋಗಿಲ್ಲ, ಅದಕ್ಕಾಗಿ ಇದನ್ನು ಗಟ್ಟಿಯಾಗಿ ಹೇಳುತ್ತೇನೆ. 2010ರಲ್ಲಿ ದಿಲ್ಲಿಯಲ್ಲಿ ಕಹಿಯಾದ ಹಾಲುಗುಂಬಳದ ರಸ ಕುಡಿದು ಒಬ್ಬ ವಿಜ್ಞಾನಿಯೇ ಪ್ರಾಣ ಬಿಟ್ಟರು. ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ಮಾಡಿ ವಿಚಾರಿಸಿತು. ಕಾಯಿ ಕಹಿ ಇದ್ದರೆ ಅದರೊಳಗೆ ವಿಷ ಇರುತ್ತದೆ. ಪಲ್ಯ ಮಾಡಿದರೆ ಮೊದಲ ತುತ್ತಿಗೇ ತಾಟು ಸರಿಸುತ್ತೇವೆ. ರಸವನ್ನಾದರೆ ಔಷಧ ಎಂದು ಮೂಗು ಹಿಡಿದು ಗಟಗಟ ಕುಡಿಯುತ್ತೇವೆ. ಇದೇ ಅಪಾಯ. ಹಸಿ ಕಾಯಿಯ ಒಂದು ಚೂರು ಮೊದಲು ನಾಲಿಗೆಗೆ ಹಚ್ಚಿ ನೋಡಿರಿ. ಕಹಿ ಇದ್ದರೆ ರಸವೂ ಬೇಡ, ಪಲ್ಯವೂ ಬೇಡ. ಮೂತ್ರಪಿಂಡದ ತೊಂದರೆ ಇದ್ದವರಂತೂ ಪಾಲಕ, ಬೀಟರೂಟು ಎಂದು ದಿನಾ ಹಿಂಡಿಕೊಂಡು ಕುಡಿಯುವ ಮುಂಚೆ ಡಾಕ್ಟರರನ್ನು ಕೇಳಲೇಬೇಕು.

ಹಾಗಾದರೆ ರಸ ಯಾರಿಗೂ ಬೇಡವೇ? ನಾನು ಅಷ್ಟು ಹಟಮಾರಿಯಲ್ಲ. ಜ್ವರದಿಂದ ಎದ್ದವರಿಗೆ, ಏನನ್ನೂ ನುಂಗಲಾಗದವರಿಗೆ, ಶಸ್ತ್ರಕ್ರಿಯೆಯಾದ ಮೇಲೆ ನೀರಾಹಾರದ ಮೇಲಿರುವವರಿಗೆ ಡಾಕ್ಟರರು ಹೇಳಿದರೆ ಕೊಡಿರಿ. ಹಲ್ಲಿಲ್ಲದ ಅತ್ತೆ-ಮಾವಂದಿರಿಗೆ ಮಿಕ್ಸರಿನಲ್ಲಿ ರುಬ್ಬಿ, ಸೋಸದೆ, ಚಮಚೆಯಿಂದ ತಿನ್ನಲು ಕೊಡಿರಿ. ಆದರೆ ರುಬ್ಬುವಾಗಲೂ ಒಂದು ಲೆಕ್ಕ ಇರಲಿ. ಬಾಯಿಂದ ಎಷ್ಟು ತಿನ್ನಬಲ್ಲಿರೋ ಅಷ್ಟನ್ನೇ ರುಬ್ಬಿರಿ. ಒಂದು ಬಾಳೆಹಣ್ಣು, ಎರಡು ಚಿಕ್ಕು, ಒಂದು ಮಾವು, ಮೇಲೆ ನಾಲ್ಕು ಚಮಚೆ ಸಕ್ಕರೆ, ಐಸ್‌ಕ್ರೀಮು ಎಂದರೆ ಮಿಕ್ಸರಿನ ತಪ್ಪಲ್ಲ, ನಮ್ಮ ತಪ್ಪು. ಹಲ್ಲು ಗಟ್ಟಿ ಇದ್ದವರಿಗೆ ಮಿಕ್ಸರೂ ಬೇಡ. ರೊಟ್ಟಿಯ ಬದಿಗೆ ಹಕ್ಕರಕಿ, ಹಸಿ ಮೆಂತೆಪಲ್ಯ, ಉಳ್ಳಾಗಡ್ಡಿ ತಪ್ಪಲು, ಸೌತಿಕಾಯಿ, ಮೂಲಂಗಿ ಇಟ್ಟುಕೊಂಡು ಉಂಡವರು ನಾವು. ಇದನ್ನು ಬಡವರ ಊಟ ಎಂದು ಹೀಗಳೆದು ಬಿಟ್ಟು, ಈಗ ಕಂತಿನ ಮೇಲೆ ಯಂತ್ರ ತಂದು ಆರೋಗ್ಯ ಹುಡುಕುತ್ತಿದ್ದೇವೆ.

ಮುಂಜಾನೆ ಗಡಿಬಿಡಿ, ಪಚಡಿ ಮಾಡಲು ಪುರಸತ್ತೆಲ್ಲಿ ಎನ್ನುತ್ತೀರಿ. ಏಳು ಭಾಗ ಬಿಚ್ಚಿ ತೊಳೆಯಲು ಪುರಸತ್ತು ಇದೆಯಲ್ಲ? ಮಕ್ಕಳು ಹಣ್ಣು ತಿನ್ನುವುದಿಲ್ಲ ಎನ್ನುತ್ತೀರಿ. ಲೋಟದ ರುಚಿ ಹತ್ತಿದ ಮಗು ತಿನ್ನುವುದಾದರೂ ಹೇಗೆ? ಮೊದಲು ಲೋಟ ಎತ್ತಿಡಿರಿ, ಪೇರಲ ಹೆಚ್ಚಿ ಮುಂದೆ ಇಡಿರಿ.

ಆ ದಿನ ಬೈಲಹೊಂಗಲದಲ್ಲಿ ಆ ಹುಡುಗ ಎರಡು ಯಂತ್ರ ಮಾರಿಹೋದ. ಅವನ ಹೊಟ್ಟೆಪಾಡು, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮರುದಿನ ನನ್ನ ಬಾಗಿಲಿಗೂ ಬಂದ. 1824ರಲ್ಲಿ ಥ್ಯಾಕರೆಯಂಥವನ ಮುಂದೆ ಕೋಟೆಯ ಬಾಗಿಲು ಮುಚ್ಚಿದ ಊರು ನನ್ನದು, ಬಾಗಿಲು ಮುಚ್ಚುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಆದರೂ ಮನಸ್ಸು ಬರಲಿಲ್ಲ. ಒಳಗೆ ಕರೆದು ಒಂದು ರೊಟ್ಟಿ, ಗಜ್ಜರಿ ಪಚಡಿ ಇಟ್ಟೆ. ಎರಡನೆಯ ಸಲ ಕೇಳಿ ಹಾಕಿಸಿಕೊಂಡ. "ಮನ್ಯಾಗ ರಸ ಕುಡೀತೀಯೇನಪಾ?" ಎಂದೆ. "ಎಲ್ಲೀದ್ರೀ ಅಮ್ಮಾರ, ಅಷ್ಟು ಗಜ್ಜರಿ ಕೊಳ್ಳಾಕ ನಮಗೆಲ್ಲಿ ಪರವಡಿಸ್ತದ?" ಎಂದ.

ರಾಮದುರ್ಗದ ಮನೆಯಲ್ಲಿ ಈಗ ಆ ಯಂತ್ರ ಅಟ್ಟದ ಮೇಲಿದೆ. ಅದೇ ಗಜ್ಜರಿಗೆ ಈಗ ಐದು ತಾಟು. ಮೊನ್ನೆ ಹೋದಾಗ ಪಚಡಿ ಬಡಿಸಿದ್ದು ಅಕ್ಕನೇ. ಎಲ್ಲರಿಗಿಂತ ಮೊದಲು ಸೊಸೆಯ ತಾಟಿಗೆ ಹಾಕಿದಳು. ಆ ಹುಡುಗಿ ಸೇರಂಗಿಲ್ಲ ಎನ್ನಲಿಲ್ಲ.